ಲಂಡನ್ನಿಗೊಂದು ಪೊಲೀಸು, ಐರ್ಲೆಂಡಿಗೊಂದು ಪೊಲೀಸು: ರಾಬರ್ಟ್ ಪೀಲ್ ಕಟ್ಟಿದ ಎರಡರಲ್ಲಿ ನಮಗೆ ಬಂದದ್ದು ಯಾವುದು?

ಲಾಕಪ್‌ನಲ್ಲಿ ಯಾರೋ ಸತ್ತಾಗ, ಇಲ್ಲವೇ ಸರ್ಕಾರ ಬದಲಾಗಿ ವರ್ಗಾವಣೆ ಪಟ್ಟಿಗಳು ಒಂದರ ಹಿಂದೊಂದು ಹೊರಬಿದ್ದಾಗ ಪೊಲೀಸ್ ಸುಧಾರಣೆ ಅನ್ನುವ ಮಾತು ಮತ್ತೆ ಕೇಳಿಸುತ್ತದೆ. ಒಂದು ವಾರ ಟಿವಿಯಲ್ಲಿ ಚರ್ಚೆ, ಒಂದೆರಡು ಸಂಪಾದಕೀಯ, ಆಮೇಲೆ ಎಲ್ಲರೂ ಸುಮ್ಮನಾಗುತ್ತಾರೆ. ಈ ಚರ್ಚೆಗಳಲ್ಲಿ ಆಗಾಗ ಬಂದುಹೋಗುವ ಒಂದು ಹೆಸರು ಸರ್ ರಾಬರ್ಟ್ ಪೀಲ್. ಆಧುನಿಕ ಪೊಲೀಸ್ ವ್ಯವಸ್ಥೆಯ ಜನಕ ಅಂತ ತರಬೇತಿ ಶಾಲೆಗಳಲ್ಲಿ ಪಾಠ ಮಾಡ್ತಾರೆ. ಜನರ ಒಪ್ಪಿಗೆಯಿಂದ ಕೆಲಸ ಮಾಡುವ, ಬಂದೂಕಿಲ್ಲದ ಪೊಲೀಸನ್ನು ಜಗತ್ತಿಗೆ ಕೊಟ್ಟವನು ಅನ್ನುವುದು ಆತನ ಹೆಗ್ಗಳಿಕೆ.

ಇದು ಅರ್ಧ ಕತೆ ಮಾತ್ರ. ಪೀಲ್ ತನ್ನ ಬದುಕಿನಲ್ಲಿ ಒಂದಲ್ಲ, ಎರಡು ಬಗೆಯ ಪೊಲೀಸಿಗೆ ಅಡಿಪಾಯ ಹಾಕಿದ. ಒಂದು ಲಂಡನ್ನಿನವರಿಗೆ, ಇನ್ನೊಂದು ಐರ್ಲೆಂಡಿನವರಿಗೆ. ಎರಡೂ ಒಂದೇ ತಲೆಯಿಂದ ಹುಟ್ಟಿದವು, ನಡುವೆ ಇದ್ದದ್ದು ಹದಿನೈದು ವರ್ಷದ ಅಂತರ. ಆದರೆ ಅವು ಯಾರಿಗೆ ಉತ್ತರ ಹೇಳಬೇಕಿತ್ತು ಅನ್ನುವುದರಲ್ಲಿ ಅಜಗಜಾಂತರವಿತ್ತು. ನಮ್ಮ ಠಾಣೆಗಳ ಮೂಲ ಹುಡುಕಿದರೆ ಸಿಗುವುದು ಎರಡನೆಯದು. ಹಾಗಾಗಿ ಪೊಲೀಸ್ ಸುಧಾರಣೆ ಯಾಕೆ ಆಗುತ್ತಿಲ್ಲ, ಆಗಬೇಕಾದರೆ ಏನು ಬೇಕು ಅಂತ ಕೇಳುವವರು ಈ ಮನುಷ್ಯನ ಬದುಕನ್ನು ಒಮ್ಮೆ ಪೂರ್ತಿ ನೋಡಬೇಕು.

ಬಟ್ಟೆ ಗಿರಣಿಯ ಮನೆತನ

ಪೀಲ್ ಹುಟ್ಟಿದ್ದು 1788ರ ಫೆಬ್ರವರಿ 5ರಂದು, ಉತ್ತರ ಇಂಗ್ಲೆಂಡಿನ ಬರಿ ಪಟ್ಟಣದ ಬಳಿ. ಅಪ್ಪನದು ಕ್ಯಾಲಿಕೊ ಬಟ್ಟೆಗೆ ಅಚ್ಚು ಹಾಕುವ ಉದ್ಯಮ. ನಮ್ಮ ಕಲ್ಲಿಕೋಟೆಯ ಹೆಸರಿನಿಂದಲೇ ಬಂದ ಆ ಬಟ್ಟೆ ಮನೆಗೆ ರಾಶಿ ಹಣ ತಂದಿತ್ತು. ಹಣವಿದ್ದರೂ ಹಳೆಯ ಜಮೀನ್ದಾರಿ ಮನೆತನಗಳ ನಡುವೆ ಇವರು ಹೊಸಬರೇ. ಮಗನನ್ನು ದೊಡ್ಡ ರಾಜಕಾರಣಿಯಾಗಿ ಮಾಡಬೇಕು ಅನ್ನುವುದು ಅಪ್ಪನ ಹಟ. ಹ್ಯಾರೊ ಶಾಲೆಯಲ್ಲಿ ಕವಿ ಬೈರನ್ ಜೊತೆ ಓದಿದ ಹುಡುಗ, ಆಕ್ಸ್‌ಫರ್ಡಿನಲ್ಲಿ 1808ರಲ್ಲಿ ಪ್ರಾಚೀನ ಸಾಹಿತ್ಯ ಮತ್ತು ಗಣಿತ ಎರಡರಲ್ಲೂ ಪ್ರಥಮ ದರ್ಜೆ ಪಡೆದ.

ಮರುವರ್ಷ, 21ನೇ ವಯಸ್ಸಿಗೆ, ಪಾರ್ಲಿಮೆಂಟಿನೊಳಗೆ ಕಾಲಿಟ್ಟ. ಕ್ಷೇತ್ರ ಐರ್ಲೆಂಡಿನ ಟಿಪ್ಪರೇರಿ ಜಿಲ್ಲೆಯ ಕ್ಯಾಶೆಲ್. ಬೆರಳೆಣಿಕೆಯ ಮತದಾರರಿದ್ದ, ಹಣವಿದ್ದವರಿಗೆ ಸಿಗುತ್ತಿದ್ದ ಕ್ಷೇತ್ರ ಅದು. ಆ ಕಾಲದ ಬ್ರಿಟಿಷ್ ರಾಜಕೀಯವೇ ಹಾಗಿತ್ತು. ಜನಪ್ರತಿನಿಧಿ ಅನ್ನಿಸಿಕೊಳ್ಳಲು ಜನರ ಮುಖ ನೋಡಲೇಬೇಕು ಅಂತೇನೂ ಇರಲಿಲ್ಲ.

ಮೊದಲ ಪ್ರಯೋಗ: ಐರ್ಲೆಂಡ್

1812ರಲ್ಲಿ, 24ರ ಹರೆಯದಲ್ಲೇ, ಪೀಲ್ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾದ. ಅಂದರೆ ಡಬ್ಲಿನ್ ಕೋಟೆಯಲ್ಲಿ ಕೂತು ಆ ದೇಶದ ಆಡಳಿತ ನಡೆಸುವ ಮಂತ್ರಿ. 1801ರಲ್ಲಿ ಐರ್ಲೆಂಡನ್ನು ಬ್ರಿಟನ್ನಿಗೆ ಸೇರಿಸಿಕೊಳ್ಳಲಾಗಿತ್ತು. ಜನರಲ್ಲಿ ಹೆಚ್ಚಿನವರು ಕ್ಯಾಥೊಲಿಕ್ಕರು, ಜಮೀನು ಬಹುಪಾಲು ಪ್ರಾಟೆಸ್ಟಂಟ್ ಒಡೆಯರ ಕೈಯಲ್ಲಿ. ಕ್ಯಾಥೊಲಿಕ್ಕರು ಪಾರ್ಲಿಮೆಂಟಿನಲ್ಲಿ ಕೂರುವ ಹಾಗಿರಲಿಲ್ಲ. ಗೇಣಿ ಕಟ್ಟಲಾಗದ, ತಮ್ಮದಲ್ಲದ ಚರ್ಚಿಗೆ ದಶಾಂಶ ಕಂದಾಯ ತೆರಬೇಕಾಗಿದ್ದ ರೈತರು ರಾತ್ರಿಹೊತ್ತು ಗುಂಪು ಕಟ್ಟಿ ಒಡೆಯರ ಬಣವೆಗಳಿಗೆ ಬೆಂಕಿ ಇಡುತ್ತಿದ್ದರು, ಕೊಲೆಗಳೂ ನಡೆಯುತ್ತಿದ್ದವು. ಸ್ಥಳೀಯ ಮ್ಯಾಜಿಸ್ಟ್ರೇಟರು ಅದೇ ಒಡೆಯರ ಪೈಕಿ. ಅವರು ಹೆದರಿ ಕೂರುತ್ತಿದ್ದರು, ಇಲ್ಲವೇ ಪ್ರತಿ ಸಣ್ಣ ಗಲಾಟೆಗೂ ಸೈನ್ಯ ಕಳಿಸಿ ಅನ್ನುತ್ತಿದ್ದರು.

ಪೀಲ್‌ಗೆ ಈ ಎರಡೂ ಸರಿ ಕಾಣಲಿಲ್ಲ. 1814ರಲ್ಲಿ ಶಾಂತಿಪಾಲನೆ ಹೆಸರಿನಲ್ಲಿ ಹೊಸ ಕಾಯ್ದೆ ತಂದ. ಅದರ ಪ್ರಕಾರ ಸರ್ಕಾರ ಯಾವುದಾದರೂ ಸೀಮೆಯನ್ನು ಗಲಭೆಪೀಡಿತ ಅಂತ ಸಾರಬಹುದು. ಸಾರಿದ ಮೇಲೆ ಡಬ್ಲಿನ್ನಿನಿಂದ ಸಂಬಳದ ಮ್ಯಾಜಿಸ್ಟ್ರೇಟನೊಬ್ಬ ತನ್ನ ಶಸ್ತ್ರಧಾರಿ ಪಡೆಯೊಂದಿಗೆ ಬಂದು ಇಳಿಯುತ್ತಾನೆ. ಖರ್ಚು ಆ ಸೀಮೆಯ ಜನರದೇ. ಅಂದರೆ, ತಮ್ಮನ್ನು ಹದ್ದುಬಸ್ತಿನಲ್ಲಿಡಲು ಬಂದವರ ಸಂಬಳವನ್ನು ತಾವೇ ಕಟ್ಟಬೇಕು. ಈ ಪಡೆ ಮೊದಲು ಬಂದಿಳಿದದ್ದು ಟಿಪ್ಪರೇರಿಯ ಮಿಡಲ್‌ಥರ್ಡ್ ಸೀಮೆಯಲ್ಲಿ. ಪೀಲ್‌ನನ್ನು ಮೊದಲ ಸಲ ಪಾರ್ಲಿಮೆಂಟಿಗೆ ಕಳಿಸಿದ ಕ್ಯಾಶೆಲ್ ಪಟ್ಟಣ ಇರುವುದೂ ಅದೇ ಸೀಮೆಯಲ್ಲಿ.

ಕ್ಯಾಥೊಲಿಕ್ ನಾಯಕ ಡೇನಿಯಲ್ ಓ'ಕಾನೆಲ್‌ಗೂ ಪೀಲ್‌ಗೂ ಎಣ್ಣೆ ಸೀಗೇಕಾಯಿ. 1815ರಲ್ಲಿ ಇಬ್ಬರೂ ಪಿಸ್ತೂಲು ದ್ವಂದ್ವಕ್ಕೆ ಸಿದ್ಧರಾಗಿ ಬೆಲ್ಜಿಯಂನ ಕರಾವಳಿಯಲ್ಲಿ ಸೇರುವುದು ಅಂತ ಗೊತ್ತುಮಾಡಿಕೊಂಡಿದ್ದರು. ಓ'ಕಾನೆಲ್‌ನನ್ನು ದಾರಿಯಲ್ಲಿ ಲಂಡನ್ನಿನಲ್ಲೇ ಬಂಧಿಸಿದ್ದರಿಂದ ಅದು ನಡೆಯಲಿಲ್ಲ.

1818ರಲ್ಲಿ ಪೀಲ್ ಐರ್ಲೆಂಡ್ ಬಿಟ್ಟ. ಆದರೆ ಬಿತ್ತಿದ್ದು ಬೆಳೆಯಿತು. 1822ರಲ್ಲಿ ಅಲ್ಲಿನ ಜಿಲ್ಲೆಗಳಿಗೆಲ್ಲ ಕಾನ್ಸ್‌ಟೇಬಲ್ ಪಡೆ ಬಂತು. 1836ರಲ್ಲಿ ಬೇರೆ ಪಕ್ಷದ ಸರ್ಕಾರ ಎಲ್ಲವನ್ನೂ ಒಟ್ಟುಗೂಡಿಸಿ ಡಬ್ಲಿನ್ ಕೋಟೆಯ ಅಂಕೆಗೆ ತಂದಿತು. ಈ ಪಡೆಯವರ ಕೈಯಲ್ಲಿ ಬಂದೂಕು, ವಾಸ ಬ್ಯಾರಕ್‌ನಲ್ಲಿ. ಹುಟ್ಟೂರಿನ ಜಿಲ್ಲೆಯಲ್ಲಿ ಕೆಲಸ ಮಾಡುವಂತಿಲ್ಲ, ಜನರ ಜೊತೆ ಸಲಿಗೆ ಬೆಳೆಯಬಾರದು ನೋಡಿ. ಅಧಿಕಾರಿಗಳಲ್ಲಿ ಹೆಚ್ಚಿನವರು ಮೇಲ್ವರ್ಗದಿಂದ ನೇರವಾಗಿ ಬರುತ್ತಿದ್ದರು, ಕಾನ್ಸ್‌ಟೇಬಲ್ ಆಗಿ ಸೇರಿದವನು ಬಹುತೇಕ ಕೆಳಗೇ ನಿವೃತ್ತನಾಗುತ್ತಿದ್ದ. ಇದೆಲ್ಲ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ.

ಎರಡನೇ ಪ್ರಯೋಗ: ಲಂಡನ್

1822ರ ಜನವರಿಯಲ್ಲಿ ಪೀಲ್ ಬ್ರಿಟನ್ನಿನ ಗೃಹಮಂತ್ರಿಯಾದ. ಲಂಡನ್ನಿನಲ್ಲಿ ಆಗ ಪೊಲೀಸ್ ಅನ್ನುವ ಒಂದು ವ್ಯವಸ್ಥೆಯೇ ಇರಲಿಲ್ಲ. ಒಂದೊಂದು ಚರ್ಚ್ ವಾರ್ಡಿಗೂ ತನ್ನದೇ ರಾತ್ರಿ ಕಾವಲುಗಾರರು. ಕೆಲವು ಕಡೆ ಚೆನ್ನಾಗಿತ್ತು, ಕೆಲವು ಕಡೆ ಲಾಟೀನು ಹಿಡಿದು ತೂಕಡಿಸುವ ಮುದುಕರಷ್ಟೇ. ಕಳ್ಳನನ್ನು ಹಿಡಿಯುವುದು ಅಪರೂಪ, ಸಿಕ್ಕರೆ ಮಾತ್ರ ಘೋರ ಶಿಕ್ಷೆ. 200ಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು ಇದ್ದ ಕಾಲ.

ಆದರೂ ಜನಕ್ಕೆ ಪೊಲೀಸ್ ಬೇಕಿರಲಿಲ್ಲ. ಪೊಲೀಸ್ ಅಂದರೆ ಫ್ರಾನ್ಸಿನ ಹಾಗೆ ಮನೆಮನೆಗೆ ಗೂಢಚಾರರನ್ನು ಬಿಡುವ ಸರ್ಕಾರ ಅಂತ ಬಡವರಿಗೂ ಭಯ, ಸಿರಿವಂತರಿಗೂ ಭಯ. 1819ರಲ್ಲಿ ಮ್ಯಾಂಚೆಸ್ಟರಿನ ಪೀಟರ್ಸ್ ಮೈದಾನದಲ್ಲಿ ಮತದಾನದ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿ ಹತ್ತಕ್ಕೂ ಹೆಚ್ಚು ಜನರನ್ನು ಕೊಂದಿದ್ದರು. ಆ ನೆನಪು ಇನ್ನೂ ಹಸಿಯಾಗಿತ್ತು. ಪೀಲ್ 1822ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದನ್ನು ಕೂರಿಸಿ, ತಾನೇ ಅದರ ಅಧ್ಯಕ್ಷನಾದ. ಸಮಿತಿ ಮಾತ್ರ ಆತ ಬಯಸಿದ್ದಕ್ಕೆ ತಿರುಗಿ ನಿಂತಿತು. ಸ್ವತಂತ್ರ ದೇಶದ ಜನಜೀವನಕ್ಕೂ ಬಿಗಿಯಾದ ಪೊಲೀಸಿಗೂ ಹೊಂದಿಕೆಯಾಗದು ಅಂತ ವರದಿ ಕೊಟ್ಟಿತು.

ಐರ್ಲೆಂಡಿನಲ್ಲಾಗಿದ್ದರೆ ಇಂಥ ಸಮಿತಿಯ ಮಾತು ಕೇಳುವ ಅಗತ್ಯವೇ ಬರುತ್ತಿರಲಿಲ್ಲ. ಇಲ್ಲಿ ಪೀಲ್ ಜಗಳಕ್ಕೆ ಇಳಿಯದೆ ಏಳು ವರ್ಷ ಕಾದ. ಸುಮ್ಮನೆ ಕೂತು ಕಾಯಲಿಲ್ಲ. ಗಲ್ಲುಶಿಕ್ಷೆಯ ಪಟ್ಟಿ ಕತ್ತರಿಸಿದ, ಜೈಲು ಕಾನೂನು ಬದಲಿಸಿದ, ಚೆಲ್ಲಾಪಿಲ್ಲಿಯಾಗಿದ್ದ ನೂರಾರು ಕ್ರಿಮಿನಲ್ ಕಾಯ್ದೆಗಳನ್ನು ಒಟ್ಟಿಗೆ ತಂದ. ಜೊತೆಗೆ ಅಂಕಿಅಂಶ ಕೂಡಿಸಿಟ್ಟುಕೊಂಡ. ಜನಸಂಖ್ಯೆಗಿಂತ ವೇಗವಾಗಿ ಅಪರಾಧ ಬೆಳೆಯುತ್ತಿದೆ ಅನ್ನುವುದು ಆತನ ವಾದ. ನಿಜವಾಗಿ ಅಷ್ಟು ಬೆಳೆದಿತ್ತೇ ಅಂತ ಇತಿಹಾಸಕಾರರಿಗೆ ಇವತ್ತಿಗೂ ಅನುಮಾನವಿದೆ, ಆದರೆ ಸದನದಲ್ಲಿ ಆ ಲೆಕ್ಕ ಕೆಲಸ ಮಾಡಿತು.

1828ರಲ್ಲಿ ಹೊಸ ಸಮಿತಿ ಬಂತು, ಈ ಸಲ ಬೇಕಾದ ವರದಿ ಸಿಕ್ಕಿತು. 1829ರ ಏಪ್ರಿಲ್‌ನಲ್ಲಿ ಮಸೂದೆ ಮಂಡಿಸಿದ. ಸಮಯ ಹೇಗಿತ್ತು ನೋಡಿ. ಕ್ಯಾಥೊಲಿಕ್ಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯುವ ಕಾಯ್ದೆ ಅದೇ ತಿಂಗಳು ಪಾಸಾಗಿತ್ತು. ಅದನ್ನು ಜೀವಮಾನವಿಡೀ ವಿರೋಧಿಸಿದ್ದ ಪೀಲ್ ತಾನೇ ನಿಂತು ಅದನ್ನು ಮಂಡಿಸಬೇಕಾಗಿ ಬಂದು, ತನ್ನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಕ್ಷೇತ್ರವನ್ನೇ ಕಳೆದುಕೊಂಡು ಇನ್ನೊಂದು ಪುಟ್ಟ ಕ್ಷೇತ್ರದಿಂದ ಸದನಕ್ಕೆ ಮರಳಿದ್ದ. ಆ ದೊಡ್ಡ ಜಗಳದಲ್ಲಿ ದಣಿದಿದ್ದ ಸದನ ಪೊಲೀಸ್ ಮಸೂದೆಯ ಮೇಲೆ ಹೆಚ್ಚು ಚರ್ಚೆ ಮಾಡಲೇ ಇಲ್ಲ. ಲಂಡನ್ನಿನ ಹಣದ ಕುಳಗಳಿರುವ ಸಿಟಿ ಪ್ರದೇಶವನ್ನು ಪೀಲ್ ಬೇಕೆಂದೇ ಮಸೂದೆಯಿಂದ ಹೊರಗಿಟ್ಟ. ಅವರನ್ನು ಎದುರು ಹಾಕಿಕೊಂಡರೆ ಮಸೂದೆಯೇ ಮುಳುಗುತ್ತದೆ ಅನ್ನುವುದು ಗೊತ್ತಿತ್ತು. ಇವತ್ತಿಗೂ ಆ ಒಂದು ಚದರ ಮೈಲಿಗೆ ಬೇರೆಯದೇ ಪೊಲೀಸ್ ಇದೆ. ಜೂನ್ 19ಕ್ಕೆ ರಾಜನ ಅಂಕಿತ ಬಿತ್ತು. ಸೆಪ್ಟೆಂಬರ್ 29ರ ಸಂಜೆ ಮೊದಲ ಗಸ್ತು ಬೀದಿಗಿಳಿಯಿತು.

ಭಯಕ್ಕೆ ಕೊಟ್ಟ ಉತ್ತರಗಳು

ಲಂಡನ್ ಪೊಲೀಸಿನ ಒಂದೊಂದು ಗುಣವೂ ಜನರ ಒಂದೊಂದು ಭಯಕ್ಕೆ ಕೊಟ್ಟ ಉತ್ತರವಾಗಿತ್ತು. ಸೈನಿಕರ ಹಾಗೆ ಕಾಣಬಾರದು ಅಂತ ಕೆಂಪು ಬಿಟ್ಟು ನೀಲಿ ಕೋಟು, ಸಾಮಾನ್ಯರು ಹಾಕುವಂಥ ಎತ್ತರದ ಟೋಪಿ. ಗಸ್ತಿನಲ್ಲಿ ಬಂದೂಕಿಲ್ಲ, ಕೋಟಿನೊಳಗೆ ಅಡಗಿದ ಒಂದು ಮರದ ದೊಣ್ಣೆ, ಸದ್ದು ಮಾಡಲು ಒಂದು ಗಿರಗಟ್ಟೆ. ಗೂಢಚಾರಿಕೆಯ ಗುಮಾನಿ ಬಾರದಿರಲಿ ಅಂತ ಯಾವಾಗಲೂ ಸಮವಸ್ತ್ರದಲ್ಲಿರಬೇಕು. ಪತ್ತೇದಾರಿ ವಿಭಾಗ ಶುರುವಾಗಿದ್ದು 1842ರಲ್ಲಿ, ಅದೂ ಬೆರಳೆಣಿಕೆಯ ಜನರಿಂದ. ಕಾಲರ್ ಮೇಲೆ ಅಕ್ಷರ ಮತ್ತು ನಂಬರು. ಯಾರಾದರೂ ದೌರ್ಜನ್ಯ ಮಾಡಿದರೆ ಜನ ನಂಬರು ನೋಡಿಕೊಂಡು ದೂರು ಕೊಡಬಹುದು. ಎದೆಯ ಮೇಲಿನ ಹೆಸರುಪಟ್ಟಿ ತೆಗೆದಿಟ್ಟು ಲಾಠಿ ಬೀಸುವವರನ್ನು ನೋಡಿದವರಿಗೆ ಆ ನಂಬರಿನ ಬೆಲೆ ಗೊತ್ತಾಗುತ್ತದೆ.

ಮೇಲೆ ಇಬ್ಬರು ಕಮಿಷನರ್‌ಗಳು. ವಾಟರ್‌ಲೂ ಯುದ್ಧ ಕಂಡಿದ್ದ ಚಾರ್ಲ್ಸ್ ರೋವನ್, ವಕೀಲ ರಿಚರ್ಡ್ ಮೇನ್. ದೊಡ್ಡ ಮನೆತನಗಳಿಂದ ಶಿಫಾರಸು ಪತ್ರಗಳು ರಾಶಿ ಬಿದ್ದವು, ಪೀಲ್ ಅವಕ್ಕೆ ಸೊಪ್ಪು ಹಾಕಬೇಡಿ ಅಂದ. ಕಾನ್ಸ್‌ಟೇಬಲ್‌ಗಳಾಗಿ ಸೇರಿದವರೇ ಮೇಲೇರಬೇಕು, ಗಣ್ಯರ ಮಕ್ಕಳಿಗೆ ನೇರವಾಗಿ ಅಧಿಕಾರಿ ಹುದ್ದೆ ಬೇಡ ಅನ್ನುವುದು ಆತನ ನಿಲುವು. ಐರ್ಲೆಂಡಿನ ಪದ್ಧತಿಗೆ ಇದು ಪೂರ್ತಿ ಉಲ್ಟಾ. ವಾರಕ್ಕೆ 21 ಶಿಲ್ಲಿಂಗ್ ಸಂಬಳ. ಒಂದನೇ ನಂಬರಿನ ಪೇದೆಯನ್ನು ಕುಡಿದಿದ್ದ ಕಾರಣಕ್ಕೆ ಮೊದಲ ದಿನವೇ, ನಾಲ್ಕು ಗಂಟೆಯಲ್ಲಿ, ಮನೆಗೆ ಕಳಿಸಿದರು. ಮೊದಲ ಕೆಲವು ವರ್ಷಗಳಲ್ಲಿ ಹೀಗೆ ಕೆಲಸ ಕಳೆದುಕೊಂಡವರು ಬಹಳ ಮಂದಿ.

ಜನ ಅಷ್ಟಕ್ಕೇ ಒಪ್ಪಿಕೊಂಡುಬಿಡಲಿಲ್ಲ. ನೀಲಿ ದೆವ್ವಗಳು ಅಂತ ಹೀಯಾಳಿಸಿದರು. ಹಣ ನಮ್ಮದು, ಅಧಿಕಾರ ಗೃಹಮಂತ್ರಿಯದು ಅಂತ ವಾರ್ಡುಗಳ ತೆರಿಗೆದಾರರು ಸಿಡುಕಿದರು. 1833ರಲ್ಲಿ ಕೋಲ್ಡ್‌ಬಾತ್ ಫೀಲ್ಡ್ಸ್ ಮೈದಾನದ ಸಭೆ ಚದುರಿಸಲು ಹೋದ ಕಾನ್ಸ್‌ಟೇಬಲ್ ಒಬ್ಬ ಇರಿತಕ್ಕೆ ಸತ್ತಾಗ, ವಿಚಾರಣೆಗೆ ಕೂತ ಜ್ಯೂರಿ ಅದು ಸಮರ್ಥನೀಯ ಕೊಲೆ ಅಂತ ತೀರ್ಪು ಕೊಟ್ಟಿತು. ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿದರೂ ಊರಿನ ಜನ ಆ ಜ್ಯೂರಿಗೆ ಸನ್ಮಾನ ಮಾಡಿದರು. ಅದೇ ವರ್ಷ, ವಿಲಿಯಂ ಪೋಪೆ ಎಂಬ ಸಾರ್ಜೆಂಟ್ ವೇಷ ಮರೆಸಿಕೊಂಡು ಕಾರ್ಮಿಕರ ರಾಜಕೀಯ ಸಂಘದೊಳಗೆ ಸೇರಿಕೊಂಡು, ಅವರನ್ನು ಉಗ್ರ ಮಾತಿಗೆ ಪ್ರಚೋದಿಸುತ್ತಿದ್ದದ್ದು ಬಯಲಾಯಿತು. ಸಂಘದವರು ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟರು, ಸದನ ಸಮಿತಿ ತನಿಖೆ ಮಾಡಿತು, ಸಾರ್ಜೆಂಟ್ ಕೆಲಸ ಕಳೆದುಕೊಂಡ.

ಜನರ ಒಪ್ಪಿಗೆ ಅಂದರೆ ಏನು ಅನ್ನುವುದಕ್ಕೆ ಇವೇ ಉದಾಹರಣೆ. ಅದು ಪೀಲ್‌ನ ಮನಸ್ಸಿನ ಒಳ್ಳೆಯತನದಿಂದ ಬಂದದ್ದಲ್ಲ. ಜ್ಯೂರಿ, ಪತ್ರಿಕೆ, ತೆರಿಗೆದಾರ, ಪಾರ್ಲಿಮೆಂಟ್ ಎಲ್ಲವೂ ಸೇರಿ ಹಿಂಡಿ ತೆಗೆದದ್ದು. ಹಾಗಂತ ಲಂಡನ್ ಪೊಲೀಸರನ್ನು ದೇವರು ಮಾಡಬೇಕಾಗಿಲ್ಲ. ಬೀದಿ ವ್ಯಾಪಾರಿಗಳನ್ನು, ಮನೆಯಿಲ್ಲದವರನ್ನು ಎಬ್ಬಿಸಿ ಓಡಿಸುತ್ತಿದ್ದವರೂ ಅವರೇ. ಒಪ್ಪಿಗೆಯ ಲೆಕ್ಕದಲ್ಲಿ ಬಡವರ ಪಾಲು ಕಡಿಮೆಯೇ ಇತ್ತು.

ಇನ್ನು ಪೀಲ್ ತತ್ವಗಳು ಅಂತ ಪೊಲೀಸ್ ಶಾಲೆಗಳ ಗೋಡೆಗಳಲ್ಲಿ ತೂಗುವ ಒಂಬತ್ತು ಸೂತ್ರಗಳಿವೆಯಲ್ಲ, ಅವನ್ನು ಪೀಲ್ ಬರೆದದ್ದೇ ಅಲ್ಲ. 1829ರಲ್ಲಿ ರೋವನ್ ಮತ್ತು ಮೇನ್ ಕೊಟ್ಟ ಸೂಚನೆಗಳ ಆಶಯ ಹಿಡಿದು, ಇಪ್ಪತ್ತನೇ ಶತಮಾನದ ಇತಿಹಾಸಕಾರರು ಅವಕ್ಕೆ ಈಗಿನ ರೂಪ ಕೊಟ್ಟರು. ಪೀಲ್ ಬಿಟ್ಟುಹೋದದ್ದು ಒಂದು ಕಾಯ್ದೆ, ಒಂದು ರಾಜಕೀಯ ಚೌಕಾಸಿ.

ಪ್ರಧಾನಿ ಪೀಲ್, ಸಿಂಧ್ ಮತ್ತು ಕೊನೆಯ ಸೋಲು

ಪೀಲ್ ಎರಡು ಸಲ ಪ್ರಧಾನಿಯಾದ. ಮೊದಲನೆಯದು 1834ರ ಕೊನೆಯಲ್ಲಿ, ಕೆಲವೇ ತಿಂಗಳು. ಎರಡನೆಯದು 1841ರಿಂದ 1846ರವರೆಗೆ. 1843ರ ಜನವರಿಯಲ್ಲಿ ಮೆಕ್‌ನಾಟನ್ ಎಂಬಾತ ಪೀಲ್ ಅಂದುಕೊಂಡು ಆತನ ಆಪ್ತ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹಾರಿಸಿದ. ಕೊಲೆಗಾರನನ್ನು ಸ್ಥಳದಲ್ಲೇ ಹಿಡಿದದ್ದು ಪೀಲ್ ಹುಟ್ಟುಹಾಕಿದ ಪೊಲೀಸಿನ ಒಬ್ಬ ಕಾನ್ಸ್‌ಟೇಬಲ್. ಬುದ್ಧಿಭ್ರಮಣೆಯ ಆರೋಪಿಯನ್ನು ಹೇಗೆ ನೋಡಬೇಕು ಅಂತ ಕಾನೂನು ವಿದ್ಯಾರ್ಥಿಗಳು ಇವತ್ತೂ ಓದುವ ಮೆಕ್‌ನಾಟನ್ ನಿಯಮ ಹುಟ್ಟಿದ್ದು ಈ ಮೊಕದ್ದಮೆಯಿಂದ.

ಅದೇ 1843ರಲ್ಲಿ, ಪೀಲ್ ಸರ್ಕಾರ ಕಳಿಸಿದ್ದ ಗವರ್ನರ್ ಜನರಲ್ ಎಲೆನ್‌ಬರೋ ಕಾಲದಲ್ಲಿ, ಚಾರ್ಲ್ಸ್ ನೇಪಿಯರ್ ಸಿಂಧ್ ಪ್ರಾಂತ್ಯವನ್ನು ಗೆದ್ದ. ಗೆದ್ದ ನಾಡಿಗೆ ಪೊಲೀಸ್ ಬೇಕಾಯಿತು. ನೇಪಿಯರ್ ನೋಡಿದ್ದು ಲಂಡನ್ನಿನ ಕಡೆಗಲ್ಲ, ಐರ್ಲೆಂಡಿನ ಕಡೆಗೆ. ಬಂದೂಕು ಹಿಡಿದ, ಜನರಿಂದ ದೂರವಿರುವ, ಮೇಲಿನ ಸರ್ಕಾರಕ್ಕೆ ಮಾತ್ರ ಉತ್ತರ ಕೊಡುವ ಪಡೆ. ಬೇರೆ ಪ್ರಾಂತ್ಯಗಳಿಗೂ ಅದೇ ಮೇಲ್ಪಂಕ್ತಿಯಾಯಿತು.

1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಶುರುವಾಯಿತು. ಪೀಲ್ ಅಮೆರಿಕದಿಂದ ಮೆಕ್ಕೆಜೋಳ ತರಿಸಿದ. ಆಮದು ಧಾನ್ಯದ ಮೇಲಿನ ಸುಂಕ ತೆಗೆಯಲು ಹೊರಟಾಗ ಸ್ವಂತ ಪಕ್ಷದ ಜಮೀನ್ದಾರರೇ ತಿರುಗಿಬಿದ್ದರು. 1846ರ ಜೂನ್ 25ರ ರಾತ್ರಿ ಸುಂಕ ರದ್ದತಿ ಮಸೂದೆ ಮೇಲ್ಮನೆಯಲ್ಲಿ ಪಾಸಾಯಿತು. ಅದೇ ರಾತ್ರಿ ಕೆಳಮನೆಯಲ್ಲಿ, ಐರ್ಲೆಂಡಿನಲ್ಲಿ ಬಲಪ್ರಯೋಗಕ್ಕೆ ಅಧಿಕಾರ ಕೇಳುವ ಇನ್ನೊಂದು ಮಸೂದೆ ಬಿದ್ದುಹೋಯಿತು. ಜೊತೆಗೆ ಸರ್ಕಾರವೂ ಬಿತ್ತು. ಐರ್ಲೆಂಡಿನ ಶಾಂತಿಪಾಲನೆಯಿಂದ ಶುರುವಾದ ಅಧಿಕಾರದ ಬದುಕು ಮುಗಿದದ್ದೂ ಅಂಥದೇ ಮಸೂದೆಯಿಂದ. 1850ರ ಜೂನ್ 29ರಂದು ಲಂಡನ್ನಿನಲ್ಲಿ ಕುದುರೆಯಿಂದ ಬಿದ್ದ ಪೀಲ್ ಮೂರು ದಿನ ನರಳಿ ಜುಲೈ 2ರಂದು ತೀರಿಕೊಂಡ.

ನಮಗೆ ಬಂದ ಪಾಲು

ಪೀಲ್ ಸತ್ತು ಐದು ವರ್ಷಕ್ಕೆ, 1855ರಲ್ಲಿ, ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆ ಆಯೋಗದ ವರದಿ ಬಂತು. ಬಳ್ಳಾರಿಯೂ ಕನ್ನಡ ಜಿಲ್ಲೆಯೂ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಕಂದಾಯ ವಸೂಲಿಗೂ ಕಳ್ಳತನ ಒಪ್ಪಿಸುವುದಕ್ಕೂ ಒಂದೇ ಸಿಬ್ಬಂದಿ, ಒಂದೇ ಹೊಡೆತ ಅಂತ ವರದಿ ದಾಖಲೆ ಸಮೇತ ತೋರಿಸಿತು. 1857ರ ದಂಗೆಯ ನಂತರ ಪೊಲೀಸ್ ಆಯೋಗ ಕೂತು, 1861ರ ಪೊಲೀಸ್ ಕಾಯ್ದೆ ಬಂತು. ಹಿಂಸೆ ನಿಲ್ಲಿಸುವ ಮಾತಿನಿಂದ ಶುರುವಾದ ಸುಧಾರಣೆ ಕೊನೆಗೆ ಮುಟ್ಟಿದ್ದು ಐರಿಷ್ ಮಾದರಿಯ ಪಡೆಗೆ.

ಆ ಕಾಯ್ದೆಯ 15ನೇ ಸೆಕ್ಷನ್ ನೋಡಿ. ಗಲಭೆಯ ಪ್ರದೇಶ ಅಂತ ಸಾರಿದ ಕಡೆ ಸರ್ಕಾರ ಹೆಚ್ಚುವರಿ ಪೊಲೀಸರನ್ನು ಕೂರಿಸಬಹುದು, ಖರ್ಚು ಅಲ್ಲಿನ ನಿವಾಸಿಗಳಿಂದ ವಸೂಲಿ ಮಾಡಬಹುದು. 1814ರಲ್ಲಿ ಟಿಪ್ಪರೇರಿಯಲ್ಲಿ ಪೀಲ್ ಮಾಡಿದ್ದೂ ಇದನ್ನೇ. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಊರಿಗೆ ಊರೇ ಪುಂಡುಗಂದಾಯ ತೆತ್ತ ಕತೆಗಳನ್ನು ಕೇಳಿದವರಿಗೆ ಆ ಯೋಚನೆಯ ಬೇರು ಎಲ್ಲಿದೆ ಅಂತ ಈಗ ಗೊತ್ತಾದೀತು.

ಇಲ್ಲೊಂದು ಹೋಲಿಕೆ ಮಾಡಲೇಬೇಕು. ಐರ್ಲೆಂಡ್ 1922ರಲ್ಲಿ ಸ್ವತಂತ್ರವಾದಾಗ ಆ ಹಳೆಯ ಪಡೆಯನ್ನು ವಿಸರ್ಜಿಸಿ, ಬಂದೂಕಿಲ್ಲದ ಹೊಸ ಪೊಲೀಸ್ ಕಟ್ಟಿಕೊಂಡಿತು. ಅದೂ ಅಂತರ್ಯುದ್ಧ ನಡೆಯುತ್ತಿದ್ದ ವರ್ಷ. ನಾವು 1947ರಲ್ಲಿ ಟೋಪಿಯ ಲಾಂಛನ ಬದಲಿಸಿ ಕಾಯ್ದೆ ಹಾಗೇ ಇಟ್ಟುಕೊಂಡೆವು. ನಮ್ಮ ರಾಜ್ಯಕ್ಕೆ 1963ರಲ್ಲಿ ಸ್ವಂತ ಪೊಲೀಸ್ ಕಾಯ್ದೆ ಬಂತು ನಿಜ. ಆದರೆ ಪೊಲೀಸ್ ಮೇಲಿನ ಹಿಡಿತ ಆಳುವ ಸರ್ಕಾರದ್ದೇ ಅನ್ನುವ ಬುನಾದಿ ಅಲುಗಲಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪುವುದಿಲ್ಲ ಅನ್ನುವ ವಸಾಹತು ಕಾಲದ ನಿಯಮ 2023ರ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಉಳಿದಿದೆ. ಉಳಿಯಲೇಬೇಕು. ಯಾಕೆಂದರೆ ಠಾಣೆಯೊಳಗೆ ಏನು ನಡೆಯುತ್ತದೆ ಅಂತ ಕಾನೂನಿಗೂ ಗೊತ್ತು.

ಸುಧಾರಣೆ ಯಾಕೆ ಕಾಗದದಲ್ಲೇ ಉಳಿಯುತ್ತದೆ

ತುರ್ತುಪರಿಸ್ಥಿತಿಯ ನಂತರ, 1977ರಲ್ಲಿ ಜನತಾ ಸರ್ಕಾರ ರಾಷ್ಟ್ರೀಯ ಪೊಲೀಸ್ ಆಯೋಗ ರಚಿಸಿತು. ಅದರ ಅಧ್ಯಕ್ಷರು ಧರ್ಮವೀರ. 1969ರಿಂದ 1972ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಆಯೋಗ 1981ರ ಹೊತ್ತಿಗೆ ಎಂಟು ವರದಿ ಕೊಟ್ಟಿತು, ಮರಳಿ ಬಂದಿದ್ದ ಕಾಂಗ್ರೆಸ್ ಸರ್ಕಾರ ಅವನ್ನು ಕಪಾಟಿನಲ್ಲಿಟ್ಟಿತು. 1996ರಲ್ಲಿ ನಿವೃತ್ತ ಅಧಿಕಾರಿ ಪ್ರಕಾಶ್ ಸಿಂಗ್ ಸುಪ್ರೀಂ ಕೋರ್ಟಿಗೆ ಹೋದರು. 2006ರ ಸೆಪ್ಟೆಂಬರ್ 22ರಂದು ಕೋರ್ಟು ಏಳು ನಿರ್ದೇಶನ ಕೊಟ್ಟಿತು.

ಆ ನಿರ್ದೇಶನಗಳು ನೆಲದ ಮೇಲೆ ಏನು? ಠಾಣಾಧಿಕಾರಿಗೆ ಎರಡು ವರ್ಷದ ಖಾತ್ರಿ ಅವಧಿ ಅಂದರೆ, ಶಾಸಕರ ಕಡೆಯವನ ಮೇಲೆ ಎಫ್‌ಐಆರ್ ಹಾಕಿದ ಇನ್‌ಸ್ಪೆಕ್ಟರ್ ವಾರದೊಳಗೆ ಗಂಟುಮೂಟೆ ಕಟ್ಟಬೇಕಾಗಿಲ್ಲ. ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರ್ಪಡಿಸುವುದು ಅಂದರೆ, ಗಣೇಶನ ಮೆರವಣಿಗೆ, ಮಂತ್ರಿಗಳ ಬಂದೋಬಸ್ತು ಅಂತ ಓಡಾಡುವಾಗ ಕೊಲೆ ಪ್ರಕರಣದ ಫೈಲು ಧೂಳು ತಿನ್ನುವುದಿಲ್ಲ. ದೂರು ಪ್ರಾಧಿಕಾರ ಅಂದರೆ, ಠಾಣೆಯಲ್ಲಿ ಹೊಡೆತ ತಿಂದವನು ನ್ಯಾಯ ಕೇಳಿಕೊಂಡು ಅದೇ ಠಾಣೆಯ ಮೇಲಧಿಕಾರಿಯ ಬಳಿಗೇ ಹೋಗಬೇಕಾಗಿಲ್ಲ. ಪೀಲ್ ಕಾಲರ್ ಮೇಲೆ ಹಾಕಿಸಿದ ನಂಬರಿನ ಕೆಲಸವೇ ಇದು.

ಇಷ್ಟಾದ ಮೇಲೂ, ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಸಮಿತಿ 2010ರಲ್ಲಿ ಹೇಳಿದ್ದು, ಯಾವ ರಾಜ್ಯವೂ ಆದೇಶವನ್ನು ಪೂರ್ತಿ ಪಾಲಿಸಿಲ್ಲ ಅಂತ. ಕರ್ನಾಟಕ 2012ರಲ್ಲಿ ಕಾಯ್ದೆ ತಿದ್ದಿ ಭದ್ರತಾ ಆಯೋಗ, ಸಿಬ್ಬಂದಿ ಮಂಡಳಿ, ದೂರು ಪ್ರಾಧಿಕಾರಗಳನ್ನು ಸೇರಿಸಿತು. ಆದರೂ ಯಾವ ಠಾಣೆಗೆ ಯಾರು ಅನ್ನುವುದರಲ್ಲಿ ಕ್ಷೇತ್ರದ ಶಾಸಕರ ಮಾತು ನಡೆಯುತ್ತದೆ ಅನ್ನುವುದು ನಮ್ಮಲ್ಲಿ ಗುಟ್ಟೇನಲ್ಲ. ಪಕ್ಷ ಬದಲಾದರೂ ಪದ್ಧತಿ ಬದಲಾಗಲಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಪೊಲೀಸರ ದುರ್ಬಳಕೆ ಅಂತ ಕೂಗುವವರೇ, ಗದ್ದುಗೆ ಏರಿದ ಮೇಲೆ ಸಲಾಮು ಹೊಡೆಯುವ ಪೊಲೀಸನ್ನು ಬಿಟ್ಟುಕೊಡಲು ತಯಾರಿರುವುದಿಲ್ಲ.

ಇದರಲ್ಲಿ ಅಚ್ಚರಿಯಿಲ್ಲ. ಪೀಲ್ ಕೂಡ ತಾನಾಗಿ ಏನನ್ನೂ ಬಿಟ್ಟುಕೊಟ್ಟವನಲ್ಲ. ತನ್ನ ಸರ್ಕಾರವನ್ನು ನಡುಗಿಸಬಲ್ಲ ಜನ ಇದ್ದಲ್ಲಿ ನಂಬರು ಹಾಕಿಸಿದ, ಬಂದೂಕು ಬೇಡ ಅಂದ. ಅಂಥವರು ಇಲ್ಲದಲ್ಲಿ ಬಂದೂಕೂ ಕೊಟ್ಟ, ಬಿಲ್ಲನ್ನೂ ಕಳಿಸಿದ. ನಮ್ಮ ಸುಧಾರಣೆ ಕೋರ್ಟಿನ ಬಾಗಿಲಲ್ಲಿ ಹುಟ್ಟಿದ ಕೂಸು, ಅದನ್ನು ಎತ್ತಿಕೊಳ್ಳುವ ಮತದಾರರ ಗುಂಪು ಇನ್ನೂ ಹುಟ್ಟಿಲ್ಲ. ಪೊಲೀಸ್ ಸುಧಾರಣೆ ಮಾಡಲಿಲ್ಲ ಅಂತ ಸೋತ ಶಾಸಕರನ್ನು ಯಾರಾದರೂ ಕಂಡಿದ್ದೀರಾ?

ಆದರೆ ಐರ್ಲೆಂಡೇ ಇನ್ನೊಂದು ಪಾಠ ಕೊಡುತ್ತದೆ. ಬ್ರಿಟನ್ನಿನಲ್ಲೇ ಉಳಿದ ಉತ್ತರ ಐರ್ಲೆಂಡಿನಲ್ಲಿ ಹಳೆಯ ಪಡೆಯ ಉತ್ತರಾಧಿಕಾರಿ ಪೊಲೀಸ್ ಮುಂದುವರಿದಿತ್ತು. ಅದರಲ್ಲಿ ಹತ್ತರಲ್ಲಿ ಒಬ್ಬರೂ ಕ್ಯಾಥೊಲಿಕ್ ಇರಲಿಲ್ಲ. 1998ರ ಶಾಂತಿ ಒಪ್ಪಂದದ ಭಾಗವಾಗಿ ಪ್ಯಾಟನ್ ಆಯೋಗ ಕೂತಿತು. 2001ರಲ್ಲಿ ಹೆಸರು, ಲಾಂಛನ, ನೇಮಕಾತಿ ಎಲ್ಲ ಬದಲಾಯಿತು. ಹತ್ತು ವರ್ಷ ಅರ್ಧದಷ್ಟು ಹುದ್ದೆಗಳು ಕ್ಯಾಥೊಲಿಕ್ಕರಿಗೆ. ಎಲ್ಲ ಪಕ್ಷಗಳೂ ಕೂರಬಹುದಾದ ಪೊಲೀಸ್ ಮಂಡಳಿ, ತನ್ನದೇ ತನಿಖಾಧಿಕಾರಿಗಳಿರುವ ಸ್ವತಂತ್ರ ದೂರು ಪ್ರಾಧಿಕಾರ ಬಂದವು. ಅಲ್ಲಿ ಜಗಳ ಮುಗಿದಿಲ್ಲ, ಪೊಲೀಸರ ಸೊಂಟದಿಂದ ಪಿಸ್ತೂಲೂ ಇಳಿದಿಲ್ಲ. ಆದರೂ ಬದಲಾವಣೆ ನಿಂತಿತು. ಪೊಲೀಸ್ ಬದಲಾಗದೆ ರಾಜಿಯೇ ಇಲ್ಲ ಅಂತ ಒಂದು ಸಮುದಾಯದ ರಾಜಕೀಯ ಹಟ ಹಿಡಿದಿತ್ತು, ಅದಕ್ಕೇ ನಿಂತಿತು.

ಕರ್ನಾಟಕದಲ್ಲಿ ಅಂಥ ಹಟ ಯಾರು ಹಿಡಿಯಬೇಕು? ಠಾಣೆಯ ಮೆಟ್ಟಿಲು ಹತ್ತಲು ಹೆದರುವ ದಲಿತರು, ಮುಸ್ಲಿಮರು, ಹೆಣ್ಣುಮಕ್ಕಳು, ದುಡಿಯಲು ಬಂದ ವಲಸಿಗರು ಒಂದು ಕಡೆ. ಇನ್ನೊಂದು ಕಡೆ ಪೊಲೀಸರೇ. 2016ರ ಜೂನ್‌ನಲ್ಲಿ ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳದ ವಿರುದ್ಧ ಸಾವಿರಾರು ಸಿಬ್ಬಂದಿ ಸಾಮೂಹಿಕ ರಜೆಗೆ ಸಿದ್ಧರಾಗಿದ್ದು ನೆನಪಿರಬಹುದು. ಅವರ ಪರ ದನಿ ಎತ್ತಿದವರ ಮೇಲೆ ರಾಜದ್ರೋಹದ ಕೇಸು ಬಿತ್ತು. ಆದರೆ ಅದರ ನಂತರವೇ ಔರಾದ್ಕರ್ ಸಮಿತಿ ಬಂದು, ತ್ರಾಸಪಟ್ಟಾದರೂ ಸಂಬಳ ಪರಿಷ್ಕರಣೆ ಆಯಿತು. ಒತ್ತಡ ಹಾಕಿದರೆ ಸರ್ಕಾರ ಬಗ್ಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಇರುವ ಸಾಕ್ಷಿ ಅದು. ವಾರದ ರಜೆ ಕೇಳುವ ಕಾನ್ಸ್‌ಟೇಬಲ್ ಮತ್ತು ಹೊಡೆಯಬೇಡಿ ಅನ್ನುವ ನಾಗರಿಕ ಇಬ್ಬರೂ ದೂರುವುದು ಒಂದೇ ವ್ಯವಸ್ಥೆಯನ್ನು. ಆದರೆ ಇಬ್ಬರೂ ಒಂದೇ ವೇದಿಕೆಗೆ ಬಂದದ್ದು ಕಡಿಮೆ.

ಮುಂದಿನ ಚುನಾವಣೆಗೆ ಮತ ಕೇಳಿಕೊಂಡು ಬರುವವರ ಮುಂದೆ ಏಳೂ ನಿರ್ದೇಶನ ಇಡಬೇಕಾಗಿಲ್ಲ. ಪೀಲ್ ಸಿಟಿಯನ್ನು ಹೊರಗಿಟ್ಟು ಸಣ್ಣದಾಗಿ ಶುರುಮಾಡಿದ ಹಾಗೆ, ಎರಡೇ ಪ್ರಶ್ನೆ ಸಾಕು. ನಮ್ಮ ಠಾಣೆಯ ಇನ್‌ಸ್ಪೆಕ್ಟರನ್ನು ಎರಡು ವರ್ಷ ಮುಟ್ಟುವುದಿಲ್ಲ ಅಂತ ಬರೆದುಕೊಡ್ತೀರಾ? ಜಿಲ್ಲೆಯ ದೂರು ಪ್ರಾಧಿಕಾರಕ್ಕೆ ಕಚೇರಿ, ಸಿಬ್ಬಂದಿ, ಸ್ವಂತ ತನಿಖಾಧಿಕಾರಿ ಕೊಡ್ತೀರಾ?